‘ಹೂಂ’ ಅಂದರೆ ಹೂಂ ಅಲ್ಲ: ಕನ್ನಡದಲ್ಲಿ ಮಾತಾಡುವ ಬಾಟ್ ಕಟ್ಟುವವರಿಗೆ

ಉತ್ತರಹಳ್ಳಿ ಕಡೆ ನಮ್ಮ ಸೋದರಮಾವನದು ನೀರಿನ ಟ್ಯಾಂಕರ್ ವ್ಯಾಪಾರ. ಮೂರು ಗಾಡಿ, ಒಂದು ಫೋನು. ಬೇಸಿಗೆ ಬಂತೆಂದರೆ ಆ ಫೋನು ಬೆಳಿಗ್ಗೆ ಆರಕ್ಕೆ ಶುರು, ರಾತ್ರಿ ಊಟದ ತಟ್ಟೆ ಮುಂದೆಯೂ ಬಿಡುವುದಿಲ್ಲ. "ನೀನು ಕಂಪ್ಯೂಟರ್ ಓದಿದ್ದೀಯಲ್ಲೋ, ಇದು ತಾನೇ ಎತ್ತಿ ಮಾತಾಡೋ ಹಂಗೆ ಮಾಡು" ಅಂದರು. ಅದೇನು ಮಹಾ ಅಂತ ಶನಿವಾರ ಭಾನುವಾರ ಕೂತು ಒಂದು ಬಾಟ್, ಅಂದರೆ ಫೋನ್ ಎತ್ತಿ ತಾನೇ ಮಾತಾಡುವ ಪ್ರೋಗ್ರಾಂ, ಮಾಡಿಬಿಟ್ಟೆ. ಸೋಮವಾರ ಹನ್ನೆರಡು ಸಾವಿರ ಲೀಟರಿನ ಗಾಡಿ, ಆರು ಸಾವಿರದ್ದು ಮಾತ್ರ ತಿರುಗಬಹುದಾದ ಒಂದು ಓಣಿಗೆ ನುಗ್ಗಿ ಸಿಕ್ಕಿಕೊಂಡಿತು. ಡ್ರೈವರ್ ರಿವರ್ಸ್ ತೆಗೆಯಲು ಮುಕ್ಕಾಲು ಗಂಟೆ. ಬಯ್ಗುಳವೆಲ್ಲ ನನಗೆ.

ತಪ್ಪು ಎಲ್ಲಾಯಿತು ಗೊತ್ತಾ? ಬಾಟ್ "ನಿಮಗೆ ಹನ್ನೆರಡು ಸಾವಿರ ಲೀಟರ್..." ಅಂತ ಶುರು ಮಾಡಿತು. ಆ ಕಡೆಯಿಂದ ಗಿರಾಕಿ "ಹೂಂ" ಅಂದರು. ಬಾಟ್ ಅದನ್ನು ಒಪ್ಪಿಗೆ ಅಂದುಕೊಂಡು ಆರ್ಡರ್ ಹಾಕಿತು. ಮಾವ ರೆಕಾರ್ಡಿಂಗ್ ಕೇಳಿ ಹೇಳಿದ್ದು ಒಂದೇ ಮಾತು: "ಹೂಂ ಅಂದ್ರೆ ಹೂಂ ಅಲ್ಲ ಕಣೋ. ಕೇಳಿಸ್ಕೋತಿದೀನಿ, ಮುಂದೆ ಹೇಳು ಅಂತ."

ಏಳನೇ ಕ್ಲಾಸ್ ಓದಿದ ಮನುಷ್ಯ ಹೇಳಿದ ಈ ಮಾತನ್ನು ಭಾಷಾ ವಿಜ್ಞಾನದವರು, ಮನಃಶಾಸ್ತ್ರದವರು, ಕಂಪ್ಯೂಟರಿನವರು ಐವತ್ತು ವರ್ಷದಿಂದ ಬೇರೆ ಬೇರೆ ಹೆಸರಲ್ಲಿ ಹೇಳುತ್ತಲೇ ಬಂದಿದ್ದಾರೆ. ನಾನು ಉಲ್ಟಾ ದಾರಿಯಲ್ಲಿ ಹೋಗಿ ಕಲಿತೆ. ನೀವು ನೇರ ದಾರಿಯಲ್ಲೇ ಹೋಗಿ ಅಂತ ಈ ಲೇಖನ. ಕೋಡ್ ಇಲ್ಲಿ ಇಲ್ಲ, ಅದು ಎಲ್ಲ ಕಡೆ ಸಿಗುತ್ತದೆ.

ಕೆಲಸ ಚಿಕ್ಕದಿರಲಿ

"ಏನು ಬೇಕಾದರೂ ಮಾತಾಡುವ ಕನ್ನಡ ಬಾಟ್" ಅಂತ ಶುರು ಮಾಡಬೇಡಿ. ಯಾವಾಗ ಮುಗಿಯಿತು ಅಂತ ಸ್ಪಷ್ಟವಾಗಿ ಗೊತ್ತಾಗುವ ಒಂದೇ ಕೆಲಸ ತೆಗೆದುಕೊಳ್ಳಿ. ನೀರು ಬುಕ್ ಮಾಡುವುದು, ದರ್ಜಿ ಅಂಗಡಿಯಲ್ಲಿ ಬ್ಲೌಸ್ ಆಯ್ತಾ ಅಂತ ಕೇಳುವುದು, ಡಾಕ್ಟರ್ ಹತ್ತಿರ ಟೋಕನ್ ತೆಗೆದುಕೊಳ್ಳುವುದು, ಅಷ್ಟು ಸಾಕು. 1977ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದವರು ‘ಗಸ್’ ಅಂತ ಒಂದು ವ್ಯವಸ್ಥೆ ಮಾಡಿದ್ದರು. ಅದಕ್ಕೆ ಬರುತ್ತಿದ್ದದ್ದು ವಿಮಾನ ಪ್ರಯಾಣ ಗೊತ್ತು ಮಾಡಿಕೊಡುವುದು ಮಾತ್ರ. ಅವರು ಬಳಸಿದ ಖಾಲಿ ಜಾಗ ತುಂಬುವ ಉಪಾಯವೇ ಇವತ್ತಿಗೂ ಬುಕಿಂಗ್ ಬಾಟ್‌ಗಳ ಬೆನ್ನೆಲುಬು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೇಳಿಸಿಕೊಳ್ಳಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ.

ನಿಜವಾದ ಮಾತುಕತೆ ಒಂದು ಇಪ್ಪತ್ತು ಮೂವತ್ತು ಸಿಕ್ಕರೂ ಸಾಕು. ಕೇಳದೆ ರೆಕಾರ್ಡ್ ಮಾಡಬೇಡಿ. ಫೋನ್ ಎತ್ತಿದ ಕೂಡಲೇ "ರೆಕಾರ್ಡ್ ಮಾಡ್ಕೊಳ್ತಿದ್ದೀವಿ, ಪರವಾಗಿಲ್ವಾ?" ಅಂತ ಕೇಳಿ. ಬೇಡ ಅಂದರೆ ಬಿಡಿ. ಹೆಸರು, ಫೋನ್ ನಂಬರ್, ಮನೆ ನಂಬರ್ ಬರೆದುಕೊಳ್ಳುವಾಗಲೇ ಬದಲಾಯಿಸಿ. ಚಾಟ್‌ಜಿಪಿಟಿ ತರಹದ ಆನ್‌ಲೈನ್ ಭಾಷಾ ಮಾದರಿಗೆ ಕೊಡುವುದಿದ್ದರಂತೂ ಅದಕ್ಕೂ ಮೊದಲೇ.

ಫೋನ್ ಕಾಲ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. 1990ರ ಸುಮಾರಿಗೆ ಸ್ಕಾಟ್ಲೆಂಡಿನಲ್ಲಿ ಸಂಶೋಧಕರು ಇಬ್ಬಿಬ್ಬರನ್ನು ಕೂರಿಸಿ, ಇಬ್ಬರ ಕೈಗೂ ಒಂದೊಂದು ನಕ್ಷೆ ಕೊಟ್ಟು, ಒಬ್ಬರು ಇನ್ನೊಬ್ಬರಿಗೆ ದಾರಿ ಹೇಳಬೇಕು ಅಂದರು. ಎರಡು ನಕ್ಷೆ ಪೂರ್ತಿ ಒಂದೇ ತರಹ ಇರಲಿಲ್ಲ, ಮಜಾ ಇರುವುದೇ ಅಲ್ಲಿ. ಹೀಗೆ 128 ಮಾತುಕತೆ ಸೇರಿಸಿದರು. ನೀವು ಬಸವನಗುಡಿಯಲ್ಲಿ ಮಾಡಿ ನೋಡಿ. ಒಬ್ಬರ ನಕ್ಷೆಯಲ್ಲಿ ವಿದ್ಯಾರ್ಥಿ ಭವನ ಇರಲಿ, ಇನ್ನೊಬ್ಬರದರಲ್ಲಿ ಬೇಡ. ರಾಮಕೃಷ್ಣ ಆಶ್ರಮದಿಂದ ದೊಡ್ಡ ಗಣಪತಿ ದೇವಸ್ಥಾನದವರೆಗೆ ದಾರಿ ಹೇಳಿಸಿ. "ವಿದ್ಯಾರ್ಥಿ ಭವನ ದಾಟಿ..." "ಎಲ್ಲಿದೆ ಅದು?" "ಅಯ್ಯೋ, ನಿಂಗೆ ಕಾಣ್ತಿಲ್ವಾ?" ಇಂಥ ಜಾಗದಲ್ಲೇ ಮಾತುಕತೆಯ ಹೂರಣ ಇರುವುದು.

ಬರೆದುಕೊಳ್ಳುವಾಗ ತಿದ್ದಬೇಡಿ. "ಕಳಿಸ್ಲಾ" ಅಂದಿದ್ದನ್ನು "ಕಳುಹಿಸಲೇ" ಅಂತ ಮಾಡಿದರೆ ಮುಗೀತು. ‘ಆಂ’, ‘ಹೂಂ’, ‘ಅದೂ...’, ಉಸಿರು, ಒಬ್ಬರ ಮೇಲೊಬ್ಬರು ಮಾತಾಡಿದ್ದು, ಮೌನ, ಎಲ್ಲ ಇರಬೇಕು. ಮೌನ ಎಷ್ಟು ಸೆಕೆಂಡ್ ಅಂತಲೂ ಹಾಕಿ. ಗೇಲ್ ಜೆಫರ್ಸನ್ ಅನ್ನುವವರು ಇದಕ್ಕಾಗಿಯೇ ಚಿಹ್ನೆಗಳ ಪದ್ಧತಿ ಮಾಡಿಟ್ಟಿದ್ದಾರೆ: ಕಂಸದಲ್ಲಿ (0.4) ಅಂದರೆ 0.4 ಸೆಕೆಂಡ್ ಮೌನ. ‘ಎಲಾನ್’ ಮತ್ತು ‘ಪ್ರಾಟ್’ ಅಂತ ಎರಡು ಉಚಿತ ತಂತ್ರಾಂಶಗಳಿವೆ. ಧ್ವನಿ ಅಲೆ ನೋಡಿಕೊಂಡು ಅಳೆಯಬಹುದು, ಎಲಾನ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು.

ಒಂದು ನಿಮಿಷದ ಮಾತು ಹೀಗೆ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ.

ಒಂದು ಕಾಲ್, ಹತ್ತಿರದಿಂದ

ಒಪ್ಪಿಗೆ ತೆಗೆದುಕೊಂಡು ಬರೆದುಕೊಂಡಿದ್ದರಲ್ಲಿ ಒಂದು ಇದು. ಗುರುತುಗಳನ್ನು ಬದಲಾಯಿಸಿದ್ದೇನೆ.

ಗಿರಾಕಿ: ಹಲೋ (0.4) ನೀರು ಬೇಕಿತ್ತಲ್ಲಾ
ಮಾವ: ಯಾರು ಮೇಡಂ?
ಗಿರಾಕಿ: ಅದೇ, ದೇವಸ್ಥಾನದ ಹಿಂದ್ಗಡೆ, ಮೊನ್ನೆ ಹಾಕಿದ್ರಲ್ಲಾ
ಮಾವ: ಹಾಂ ಹಾಂ. ನೀಲಿ ಗೇಟು?
ಗಿರಾಕಿ: ನೀಲಿ ಗೇಟಿನ ಎದುರ್ಗಡೆ
ಮಾವ: ಗೊತ್ತಾಯ್ತು ಗೊತ್ತಾಯ್ತು. ಒಂದು ಲೋಡಾ?
ಗಿರಾಕಿ: ಒಂದೇ ಸಾಕು. ಸಂಪಲ್ಲಿ ಇನ್ನೂ ಸ್ವಲ್ಪ ಇದೆ
ಮಾವ: ಆರ್ ಸಾವಿರದ್ದು. ಸಂಜೆ ಕಳಿಸ್ಲಾ?
ಗಿರಾಕಿ: (1.0) ಸಂಜೆ ನಾವ್ ಇರಲ್ವಲ್ಲಾ
ಮಾವ: ಹಂಗಾದ್ರೆ ಈಗ್ಲೇ, ಹನ್ನೊಂದೂವರೆಗೆ
ಗಿರಾಕಿ: ಹೂಂ ಹಂಗೇ ಮಾಡಿ
ಮಾವ: ಆಯ್ತು ಮೇಡಂ
ಗಿರಾಕಿ: ಇಡ್ಲಾ

ಈಗ ನಿಧಾನಕ್ಕೆ ನೋಡಿ.

"ಬೇಕಿತ್ತು" ನೋಡಲು ಭೂತಕಾಲ, ಅರ್ಥದಲ್ಲಿ ಅಲ್ಲ. ನಿನ್ನೆ ಬೇಕಿತ್ತು, ಇವತ್ತು ಬೇಡ ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಕೇಳುವುದನ್ನು ಸ್ವಲ್ಪ ಮೆತ್ತಗೆ ಮಾಡುವ ರೀತಿ ಅದು. ಮಾತು ಅಂದರೆ ಬರೀ ವಿಷಯ ತಿಳಿಸುವುದಲ್ಲ, ಒಂದು ಕೆಲಸ ಮಾಡುವುದು ಅಂತ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ ಹೇಳಿದ್ದು ಇದನ್ನೇ. ವಾಕ್ಯದ ರೂಪ ‘ಹೇಳಿಕೆ’, ಅದು ಮಾಡಿದ ಕೆಲಸ ‘ಆರ್ಡರ್’.

ಇಡೀ ಕಾಲ್‌ನಲ್ಲಿ ‘ಹೌದು’ ಅನ್ನುವ ಪದ ಒಂದು ಸಲವೂ ಇಲ್ಲ. ‘ಇಲ್ಲ’ ಒಂಟಿಯಾಗಿ ಇಲ್ಲ. ಮಾವ "ನೀಲಿ ಗೇಟು?" ಅಂದಾಗ ಗಿರಾಕಿ "ಅಲ್ಲ" ಅನ್ನಲೇ ಇಲ್ಲ, ಸುಮ್ನೆ ಸರಿಯಾದದ್ದನ್ನು ಹೇಳಿ ತಿದ್ದಿಬಿಟ್ಟರು. ಸಂಜೆ ಬೇಡ ಅಂತಲೂ ಹೇಳಲಿಲ್ಲ. ಒಂದು ಸೆಕೆಂಡ್ ಸುಮ್ಮನಿದ್ದು ಕಾರಣ ಹೇಳಿದರು, ಅಷ್ಟೇ. ಆ ಒಂದು ಸೆಕೆಂಡಿನಲ್ಲೇ ಮಾವನಿಗೆ ಗೊತ್ತಾಗಿಹೋಗಿತ್ತು. ಒಪ್ಪುವ ಉತ್ತರ ತಕ್ಷಣ ಬರುತ್ತದೆ, ಒಪ್ಪದ ಉತ್ತರ ತಡವಾಗಿ, ಸುತ್ತಿ ಬಳಸಿ, ಕಾರಣದ ಸಮೇತ ಬರುತ್ತದೆ. ಮಾತುಕತೆಯನ್ನು ಹೀಗೆ ರೆಕಾರ್ಡ್ ಮಾಡಿ ಬಿಡಿಸಿ ನೋಡುವವರು ಇದನ್ನು ಭಾಷೆ ಭಾಷೆಯಲ್ಲೂ ಕಂಡಿದ್ದಾರೆ. ಆ ದಾರಿ ಶುರು ಮಾಡಿದ ಹಾರ್ವಿ ಸ್ಯಾಕ್ಸ್ ಕೂಡ ಮೊದಲು ಕೂತು ಕೇಳಿದ್ದು ಫೋನ್ ಕಾಲ್‌ಗಳನ್ನೇ, ಲಾಸ್ ಏಂಜಲೀಸಿನ ಒಂದು ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದವುಗಳನ್ನು.

ಇನ್ನು "ಸಂಪಲ್ಲಿ ಇನ್ನೂ ಸ್ವಲ್ಪ ಇದೆ". ಇದನ್ನು ಯಾರು ಕೇಳಿದರು? ಯಾರೂ ಕೇಳಲಿಲ್ಲ. ಆದರೆ ಮಾವ ತಕ್ಷಣ "ಆರ್ ಸಾವಿರದ್ದು" ಅಂದರು. ಸಂದರ್ಭಕ್ಕೆ ಸಂಬಂಧ ಇಲ್ಲದ್ದನ್ನು ಎದುರಿಗಿರುವವರು ಹೇಳಲ್ಲ ಅಂತ ನಂಬಿಕೊಂಡೇ ನಾವು ಕೇಳಿಸಿಕೊಳ್ಳುತ್ತೇವೆ. 1975ರಲ್ಲಿ ಅಚ್ಚಾದ ತತ್ವಜ್ಞಾನಿ ಪಾಲ್ ಗ್ರೈಸ್ ಅವರ ಪ್ರಬಂಧದ ತಿರುಳು ಇದೇ. ಹೇಳದೆ ತಿಳಿಸುವುದು.

ಪ್ರತಿ ಮಾತಿಗೂ ಹಣೆಪಟ್ಟಿ

ಈಗ ಪ್ರತಿ ಸಾಲಿನ ಪಕ್ಕ ಅದು ಮಾಡಿದ ಕೆಲಸ ಬರೆಯಿರಿ: ಕೇಳಿದ್ದು, ಉತ್ತರ, ಖಚಿತ ಮಾಡಿಕೊಂಡದ್ದು, ತಿದ್ದಿದ್ದು, ನಿರಾಕರಣೆ, ‘ಮುಂದೆ ಹೇಳು’, ಮುಗಿಸುವ ಸೂಚನೆ. ಹತ್ತು ಹನ್ನೆರಡು ಹಣೆಪಟ್ಟಿ ಸಾಕು. ಇಂಗ್ಲಿಷಿನ ಟೆಲಿಫೋನ್ ಮಾತುಕತೆಗೆ 42 ಹಣೆಪಟ್ಟಿ ಬಳಸಿದ ಪ್ರಸಿದ್ಧ ಯೋಜನೆ ಇದೆ. ನಮಗೆ ಅಷ್ಟು ಬೇಡ.

ಒಬ್ಬರೇ ಹಚ್ಚಬೇಡಿ. ಇನ್ನೊಬ್ಬರ ಹತ್ತಿರ, ನಿಮ್ಮದನ್ನು ತೋರಿಸದೆ, ಅದೇ ಸಾಲುಗಳಿಗೆ ಹಚ್ಚಿಸಿ. ಆಮೇಲೆ ಎಷ್ಟು ಹೊಂದಿತು ನೋಡಿ. ಬರೀ ಶೇಕಡಾ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಕಣ್ಣು ಮುಚ್ಚಿ ಹಚ್ಚಿದರೂ ಒಂದಷ್ಟು ಹೊಂದುತ್ತದೆ. ಅದನ್ನು ಕಳೆಯುವ ಲೆಕ್ಕಕ್ಕೆ ಕಾಪಾ ಅಂತ ಹೆಸರು, ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟದ್ದು. 200 ಸಾಲಿನಲ್ಲಿ 160 ಹೊಂದಿತು ಅಂತಿಟ್ಟುಕೊಳ್ಳಿ, ಅಂದರೆ 0.80. ಆಕಸ್ಮಿಕವಾಗಿ ಹೊಂದಬಹುದಾದದ್ದು 0.30. ಆಗ 0.80ರಲ್ಲಿ 0.30 ಕಳೆದರೆ 0.50, ಅದನ್ನು 1ರಿಂದ 0.30 ಕಳೆದ 0.70ರಿಂದ ಭಾಗಿಸಿದರೆ 0.71. ಪರವಾಗಿಲ್ಲ ಅನ್ನಬಹುದು.

ಆದರೆ ನಿಜವಾದ ಲಾಭ ಆ ಸಂಖ್ಯೆಯಲ್ಲಿಲ್ಲ. ಎಲ್ಲಿ ಹೊಂದಲಿಲ್ಲ ಅನ್ನುವುದರಲ್ಲಿದೆ. ನಾನು ಮತ್ತು ನನ್ನ ಹೆಂಡತಿ ಕೂತು ಹಚ್ಚಿದೆವು. ಜಗಳ ಬಂದದ್ದೆಲ್ಲ ‘ಹೂಂ’, ‘ಸರಿ’, ‘ನೋಡೋಣ’, ಈ ಮೂರರ ಹತ್ತಿರ. ನಾನು ‘ಒಪ್ಪಿಗೆ’ ಅಂತ ಬರೆದ ಕಡೆಯಲ್ಲೆಲ್ಲ ಅವಳು ‘ಮುಂದೆ ಹೇಳು’ ಅಂತ ಬರೆದಿದ್ದಳು. ‘ನೋಡೋಣ’ ಅನ್ನುವುದನ್ನು ನಾನು ‘ಯೋಚಿಸುತ್ತಿದ್ದಾರೆ’ ಅಂತ ಹಾಕಿದ್ದೆ. ಅವಳು ನಕ್ಕು ‘ಬೇಡ’ ಅಂತ ಹಾಕಿದಳು. ಆ ಕಾಲ್‌ಗಳನ್ನು ಮತ್ತೆ ಕೇಳಿದೆ. ಅವಳದ್ದೇ ಸರಿ. ಬಾಟ್ ಕಟ್ಟುವ ಮುಂಚೆ ಈ ಒಂದು ಸಂಜೆ ಕಳೆದಿದ್ದರೆ ಆ ಗಾಡಿ ಓಣಿಗೆ ಹೋಗುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಬಾಟ್‌ಗಳಲ್ಲಿ ‘ಹೌದು / ಇಲ್ಲ’ ಅಂತ ಎರಡು ಗುಂಡಿ ಇರುತ್ತವೆ, ಎಲ್ಲ ಪ್ರಶ್ನೆಗೂ ಅವೇ. ನಾವು ಹಾಗೆ ಉತ್ತರಿಸುತ್ತೇವಾ? "ಗಾಡಿ ಬಂತಾ?" ಅಂದರೆ "ಬಂತು" ಅನ್ನುತ್ತೇವೆ. "ಕಳಿಸ್ಲಾ?" ಅಂದರೆ "ಕಳಿಸಿ" ಅಥವಾ "ಬೇಡ". "ನೀಲಿ ಗೇಟಾ?" ಅಂದರೆ "ಹೌದು" ಅಥವಾ "ಅಲ್ಲ". "ಸಂಪಲ್ಲಿ ನೀರಿದೆಯಾ?" ಅಂದರೆ "ಇದೆ" ಅಥವಾ "ಇಲ್ಲ". ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿಸಿ ಕೊಡುವುದು ನಮ್ಮ ಅಭ್ಯಾಸ. ನಿರಾಕರಣೆಗೇ ಇಲ್ಲ, ಅಲ್ಲ, ಬೇಡ, ಆಗಲ್ಲ, ಬೇರೆ ಬೇರೆ. ಹಾಗಾಗಿ ನಿಮ್ಮ ಬಾಟ್ ಕೇಳುವ ಪ್ರತಿ ಪ್ರಶ್ನೆಯ ಪಕ್ಕ, ಅದಕ್ಕೆ ಬರಬಹುದಾದ ಒಪ್ಪಿಗೆ ಯಾವುದು, ನಿರಾಕರಣೆ ಯಾವುದು ಅಂತ ಬರೆದಿಡಿ. ಒಂದೇ ಪಟ್ಟಿ ಎಲ್ಲಕ್ಕೂ ಸಾಲುವುದಿಲ್ಲ.

‘ಅಂತೆ’ ಬಗ್ಗೆಯೂ ಹುಷಾರು. "ಎರಡು ಲೋಡ್ ಬೇಕಂತೆ" ಅಂದರೆ ಫೋನ್ ಮಾಡಿದವರು ಬೇರೆ, ನೀರು ಬೇಕಾದವರು ಬೇರೆ. ಓನರ್ ಆಂಟಿ ಹೇಳಿಕಳಿಸಿರುತ್ತಾರೆ. ಆಗ ವಿಳಾಸ ಯಾರದು ಅಂತ ಕೇಳಲೇಬೇಕು.

ಮಾವನ ಚೀಟಿ

ಮಾವನ ಹತ್ತಿರ ಹಳೇ ಡೈರಿ ಇದೆ. ಫೋನಲ್ಲಿ ಮಾತಾಡುತ್ತಲೇ ಅದರಲ್ಲಿ ಗೀಚುತ್ತಾರೆ: ಎಲ್ಲಿಗೆ, ಎಷ್ಟು, ಯಾವಾಗ, ದಾರಿ ಹೇಗಿದೆ. ಗಸ್ ಮಾಡಿದ್ದೂ ಅದೇ, ಖಾಲಿ ಜಾಗಗಳ ಒಂದು ಚೀಟಿ ಇಟ್ಟುಕೊಂಡು ತುಂಬುವವರೆಗೂ ಕೇಳುವುದು. ನಿಮ್ಮ ಬಾಟ್‌ಗೂ ಒಂದು ಚೀಟಿ ಮಾಡಿ.

ನಾನು ಮಾಡಿದ ತಪ್ಪು ಏನೆಂದರೆ ಪ್ರತಿ ಜಾಗಕ್ಕೂ ಎರಡೇ ಸ್ಥಿತಿ ಇಟ್ಟಿದ್ದೆ, ಖಾಲಿ ಮತ್ತು ತುಂಬಿದೆ. ಮೂರು ಬೇಕು. ಖಾಲಿ, ಕೇಳಿಸಿದೆ, ಖಚಿತವಾಗಿದೆ. ‘ಹನ್ನೆರಡು ಸಾವಿರ’ ಅಂತ ಕೇಳಿಸಿದ್ದು ಬೇರೆ, ಅದು ಸರಿ ಅಂತ ಇಬ್ಬರಿಗೂ ಗೊತ್ತಾಗಿದ್ದು ಬೇರೆ. ಮನಃಶಾಸ್ತ್ರಜ್ಞ ಹರ್ಬರ್ಟ್ ಕ್ಲಾರ್ಕ್ ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಒಬ್ಬರು ಹೇಳಿದ ತಕ್ಷಣ ಮಾತು ಮುಗಿಯುವುದಿಲ್ಲ, ಅರ್ಥವಾಯಿತು ಅನ್ನುವುದಕ್ಕೆ ಇನ್ನೊಬ್ಬರು ಏನಾದರೂ ಗುರುತು ಕೊಟ್ಟಾಗ ಮುಗಿಯುತ್ತದೆ. ‘ಹೂಂ’ ತುಂಬಾ ದುರ್ಬಲ ಗುರುತು. "ಒಂದೇ ಸಾಕು" ಗಟ್ಟಿ ಗುರುತು. ದುಡ್ಡು, ಸಮಯ, ಗಾಡಿ ಸೈಜು, ಇವು ಮೂರು ಗಟ್ಟಿ ಗುರುತು ಬರುವವರೆಗೂ ಖಚಿತ ಆಗಬಾರದು. ಉಳಿದದ್ದಕ್ಕೆ ಹೂಂ ಸಾಕು. ಎಲ್ಲದಕ್ಕೂ ಖಚಿತ ಮಾಡಿಕೊಳ್ಳಲು ಹೋದರೆ ಬ್ಯಾಂಕಿನ ಫೋನ್ ತರಹ ಆಗಿಬಿಡುತ್ತದೆ, ಜನ ಇಟ್ಟುಬಿಡುತ್ತಾರೆ.

ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಇಬ್ಬರ ಮುಂದೆ ಒಂದೇ ರೀತಿಯ ವಿಚಿತ್ರ ಆಕಾರದ ಕಾರ್ಡುಗಳು, ನಡುವೆ ಪರದೆ. ಒಬ್ಬರು ವರ್ಣಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು. ಮೊದಲ ಸುತ್ತಿನಲ್ಲಿ ಒಂದೊಂದಕ್ಕೂ ಉದ್ದುದ್ದ ವರ್ಣನೆ. ಆರನೇ ಸುತ್ತಿಗೆ ಕೆಲವೇ ಪದ. ನಮ್ಮ ‘ನೀಲಿ ಗೇಟಿನ ಎದುರು’ ಇದೇ ಅಲ್ವಾ? ಮೊದಲ ಸಲ ಆ ಮನೆಗೆ ದಾರಿ ಹೇಳಲು ಐದು ನಿಮಿಷ ಹಿಡಿದಿತ್ತಂತೆ. ಹಾಗಾಗಿ ಫೋನ್ ನಂಬರ್ ಜತೆ ವಿಳಾಸ ಮಾತ್ರ ಅಲ್ಲ, ಗಿರಾಕಿ ಆ ಜಾಗಕ್ಕೆ ಇಟ್ಟ ಹೆಸರನ್ನೂ ಉಳಿಸಿಡಿ. ಮುಂದಿನ ಸಲ ಬಾಟ್ "ನೀಲಿ ಗೇಟಿನ ಎದುರಿಗಲ್ವಾ?" ಅಂದರೆ ಅರ್ಧ ಕಾಲ್ ಮುಗಿದ ಹಾಗೆ.

ಸಮಯದ ಜಾಗಕ್ಕೆ ಸ್ವಲ್ಪ ಬೇರೆ ಕೆಲಸ ಇದೆ. ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು, ನಾಡಿದ್ದು, ‘ಊಟ ಆದ್ಮೇಲೆ’, ‘ಮಕ್ಕಳು ಸ್ಕೂಲಿಗೆ ಹೋದ್ಮೇಲೆ’. ಇದರ ಜತೆಗೆ "ಟೆನ್ ತರ್ಟಿ ಒಳಗೆ ಕಳಿಸಿ ಬ್ರೋ". ಬೆಂಗಳೂರಲ್ಲಿ ಸಂಖ್ಯೆ ಇಂಗ್ಲಿಷಿನಲ್ಲಿ, ಕ್ರಿಯಾಪದ ಕನ್ನಡದಲ್ಲಿ ಬರುವುದು ಮಾಮೂಲಿ. ಎರಡಕ್ಕೂ ತಯಾರಿರಿ.

ಬಾಟ್ ಬದಲು ಮನುಷ್ಯ

ಇನ್ನೂ ಕೋಡ್ ಬೇಡ. ಪಕ್ಕದ ರೂಮಿನಲ್ಲಿ ಒಬ್ಬ ಸ್ನೇಹಿತನನ್ನು ಕೂರಿಸಿ. ಬಂದ ಮಾತು ಅವನಿಗೆ ಟೈಪ್ ಆಗಿ ಹೋಗಲಿ, ಅವನು ಬಾಟ್ ಹೇಳಬೇಕಾದದ್ದನ್ನು ಟೈಪ್ ಮಾಡಲಿ, ಅದನ್ನು ಯಂತ್ರದ ಧ್ವನಿ ಓದಲಿ. ಮಾತಾಡುವವರು ಮನೆಯವರು, ಸ್ನೇಹಿತರು ಆಗಿರಲಿ, ಮುಗಿದ ಮೇಲೆ ನಿಜ ಹೇಳಿಬಿಡಿ. ಇದಕ್ಕೆ ‘ಆಜ್ ಮಾಂತ್ರಿಕ’ (ವಿಜರ್ಡ್ ಆಫ್ ಆಜ್) ವಿಧಾನ ಅನ್ನುತ್ತಾರೆ, ಪರದೆಯ ಹಿಂದೆ ಕೂತು ಯಂತ್ರ ನಡೆಸುವ ಮಾಂತ್ರಿಕನ ಕಥೆಯಿಂದ ಬಂದ ಹೆಸರು, 1980ರ ದಶಕದಿಂದ ಬಳಕೆಯಲ್ಲಿದೆ. ಜನ ಯಂತ್ರದ ಜತೆ ಮಾತಾಡುವ ರೀತಿಯೇ ಬೇರೆ. ಮನುಷ್ಯರ ಹತ್ತಿರ "ಅದೇ, ಮೊನ್ನೆ ಹಾಕಿದ್ರಲ್ಲಾ" ಅನ್ನುವವರೇ ಯಂತ್ರದ ಹತ್ತಿರ ಬಿಡಿಬಿಡಿಯಾಗಿ, ಜೋರಾಗಿ, ಪುಸ್ತಕದ ಕನ್ನಡದಲ್ಲಿ ಶುರು ಮಾಡುತ್ತಾರೆ. ನಮ್ಮ ಅತ್ತೆಯಂತೂ "ನ-ಮ-ಗೆ ನೀ-ರು ಬೇ-ಕು" ಅಂತ ಮಗುವಿಗೆ ಹೇಳಿದ ಹಾಗೆ ಹೇಳಿದರು.

ಬಾಯಿ ಕೊಡುವುದು

ಈಗ ಬಾಟ್ ಏನು ಹೇಳಬೇಕು ಅನ್ನುವುದು. ಇವತ್ತು ದೊಡ್ಡ ಭಾಷಾ ಮಾದರಿಗಳು ಕೈಗೆ ಸಿಗುತ್ತವೆ, ಎಲ್ಲವನ್ನೂ ಅದಕ್ಕೇ ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ನನ್ನ ಪಾಲುಪಟ್ಟಿ ಹೀಗಿದೆ: ಗಿರಾಕಿ ಹೇಳಿದ್ದು ಅರ್ಥ ಮಾಡಿಕೊಂಡು ಚೀಟಿ ತುಂಬುವುದು ಮಾದರಿಯ ಕೆಲಸ. ಮುಂದೆ ಏನು ಕೇಳಬೇಕು ಅಂತ ತೀರ್ಮಾನಿಸುವುದು ನೀವು ಬರೆದ ನಿಯಮದ ಕೆಲಸ. ರೇಟು, ಗಾಡಿ ಖಾಲಿ ಇದೆಯೋ ಇಲ್ಲವೋ, ಸಮಯ, ಇವು ಡೈರಿಯಿಂದ ಮಾತ್ರ ಬರಬೇಕು. ಮಾದರಿಗೆ ರೇಟು ಗೊತ್ತಿಲ್ಲದಿದ್ದರೂ ಸರಾಗವಾಗಿ ಒಂದು ರೇಟು ಹೇಳಿಬಿಡುತ್ತದೆ, ಎಷ್ಟು ಚೆನ್ನಾಗಿ ಹೇಳುತ್ತದೆ ಅಂದರೆ ನೀವೂ ನಂಬುತ್ತೀರಿ.

ವಾಕ್ಯಗಳನ್ನು ಮೊದಲು ಕೈಯಲ್ಲೇ ಬರೆಯಿರಿ. ಇಪ್ಪತ್ತು ಮೂವತ್ತು ಅಚ್ಚು ವಾಕ್ಯಗಳಲ್ಲಿ ಮುಕ್ಕಾಲು ಕೆಲಸ ನಡೆಯುತ್ತದೆ. ಬರೆದದ್ದನ್ನು ಮಾವನಂಥ ಒಬ್ಬರ ಮುಂದೆ ಜೋರಾಗಿ ಓದಿ. ನಾನು "ದಯವಿಟ್ಟು ನಿಮ್ಮ ವಿಳಾಸವನ್ನು ಒದಗಿಸಿ" ಅಂತ ಬರೆದಿದ್ದೆ. "ಯಾವ ಆಫೀಸಿಂದ ಮಾತಾಡ್ತಿದ್ದೀಯಪ್ಪಾ?" ಅಂದರು. ಅದು "ಎಲ್ಲಿಗೆ ಕಳಿಸಬೇಕು?" ಅಂತಾಯಿತು. ಮಾದರಿಯಿಂದ ಬರೆಸುವುದಾದರೂ ಸುಮ್ನೆ ‘ಆಡುಮಾತಿನ ಕನ್ನಡದಲ್ಲಿ ಬರೆ’ ಅಂದರೆ ಸಾಲದು. ನೀವು ಬರೆದುಕೊಂಡ ನಿಜವಾದ ಕಾಲ್‌ಗಳಿಂದ ಐದಾರು ತುಣುಕು ಉದಾಹರಣೆಯಾಗಿ ಕೊಡಿ, ಫರಕ್ಕು ಕಿವಿಗೇ ಗೊತ್ತಾಗುತ್ತದೆ.

ಕರೆಯುವುದು ಹೇಗೆ? ಮಾವ ಧ್ವನಿ ಕೇಳಿ ಮೇಡಂ, ಸಾರ್, ಅಮ್ಮಾ, ಅಣ್ಣ ಅಂತ ಆಯ್ಕೆ ಮಾಡುತ್ತಾರೆ, ತಪ್ಪುವುದೇ ಇಲ್ಲ. ಬಾಟ್ ತಪ್ಪುತ್ತದೆ. ಹದಿನಾರರ ಹುಡುಗನಿಗೆ ‘ಮೇಡಂ’ ಅಂದರೆ ಅವನು ಇಡೀ ಬೀದಿಗೆ ಹೇಳಿಕೊಂಡು ನಗುತ್ತಾನೆ. ಅದೃಷ್ಟಕ್ಕೆ ಕನ್ನಡದಲ್ಲಿ ಕ್ರಿಯಾಪದದಲ್ಲೇ ಮರ್ಯಾದೆ ಇದೆ. "ಹೇಳಿ", "ನೋಡಿ", "ಇರಿ" ಅಂದರೆ ಸಾಕು, ಕರೆಯುವ ಪದವೇ ಬೇಡ.

ಯಾವಾಗ ಬಾಯಿ ತೆರೆಯಬೇಕು

ಬರಹದ ಬಾಟ್ ಆದರೆ ಈ ಭಾಗ ಬಿಟ್ಟುಬಿಡಿ. ಫೋನ್ ಬಾಟ್ ಆದರೆ ಇದೇ ಎಲ್ಲಕ್ಕಿಂತ ಕಷ್ಟ.

ಮಾತಿನ ಸರದಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಕೈ ಬದಲಾಯಿಸುತ್ತದೆ ಅಂತ ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ ಮೂವರೂ 1974ರಲ್ಲಿ ಬರೆದರು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಗಡಿಯಾರ ಹಿಡಿದು ಅಳೆದ ಅಧ್ಯಯನ ಬಂತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ಅಂತರ ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಜಪಾನೀಸ್ ಎಲ್ಲಕ್ಕಿಂತ ಬೇಗ, ಡ್ಯಾನಿಶ್ ನಿಧಾನ. ಕನ್ನಡ ಆ ಹತ್ತರಲ್ಲಿ ಇರಲಿಲ್ಲ. ತಮಾಷೆ ಏನೆಂದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳಲೇ ನಮಗೆ 600 ಮಿಲಿಸೆಕೆಂಡ್ ಹತ್ತಿರ ಬೇಕು. ಅಂದರೆ ಎದುರಿಗಿರುವವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಜೋಡಿಸಿಕೊಂಡಿರುತ್ತೇವೆ.

ಸಾಮಾನ್ಯ ಬಾಟ್ ಹಾಗೆ ಮಾಡುವುದಿಲ್ಲ. ಇಷ್ಟು ಹೊತ್ತು ಮೌನ ಇದ್ದರೆ ಮಾತು ಮುಗಿಯಿತು ಅಂತ ಲೆಕ್ಕ ಹಾಕುತ್ತದೆ. ಆ ಹೊತ್ತು ಜಾಸ್ತಿ ಮಾಡಿದರೆ ಗಿರಾಕಿ "ಹಲೋ? ಹಲೋ?" ಅನ್ನುತ್ತಾರೆ. ಕಡಿಮೆ ಮಾಡಿದರೆ ಮಧ್ಯದಲ್ಲೇ ಬಾಯಿ ಹಾಕುತ್ತದೆ. ಕನ್ನಡದಲ್ಲಿ ಮಧ್ಯೆ ಬಾಯಿ ಹಾಕುವುದು ವಿಶೇಷ ಅಪಾಯ, ಯಾಕೆಂದರೆ ನಮ್ಮ ಕ್ರಿಯಾಪದ ಕೊನೆಯಲ್ಲಿ, ‘ಬೇಡ’ ಇನ್ನೂ ಕೊನೆಯಲ್ಲಿ. "ನಾಳೆ ಬೆಳಿಗ್ಗೆ ಹತ್ತಕ್ಕೆ ಕಳಿಸೋದು... ಬೇಡ." ಆ ಮೂರು ಚುಕ್ಕಿಯಲ್ಲಿ ಬಾಟ್ "ಸರಿ, ಹತ್ತಕ್ಕೆ ಕಳಿಸ್ತೀವಿ" ಅಂದರೆ ಏನಾಗುತ್ತದೆ ಹೇಳಬೇಕಾಗಿಲ್ಲ.

ನಾನು ಕಂಡುಕೊಂಡ ನಾಟಿ ಉಪಾಯ: ಇಲ್ಲಿವರೆಗೆ ಬಂದ ಮಾತಿನ ಕೊನೆಯ ಪದ ನೋಡಿ. ಅದು ಪೂರ್ಣ ಕ್ರಿಯಾಪದ ಅಥವಾ ‘ಸಾಕು, ಬೇಕು, ಬೇಡ, ಆಯ್ತು’ ತರಹದ್ದಾದರೆ ಬೇಗ ಉತ್ತರಿಸಿ. ‘-ಓದು’, ‘-ಗೆ’, ‘-ಅಲ್ಲಿ’, ‘ಅಂದ್ರೆ’, ‘ಆಮೇಲೆ’ ಅಂತ ನಿಂತಿದ್ದರೆ ಇನ್ನೂ ಕಾಯಿರಿ. ಡೈರಿ ನೋಡಲು ಎರಡು ಸೆಕೆಂಡ್ ಬೇಕಾದರೆ ಸುಮ್ಮನಿರಬೇಡಿ, "ಒಂದ್ನಿಮಿಷ ಇರಿ, ಗಾಡಿ ನೋಡ್ತೀನಿ" ಅನ್ನಿಸಿ. ಮಾವನೂ ಹಾಗೇ ಅನ್ನುತ್ತಾರೆ.

ಆಂ?

ಮಾತು ತಪ್ಪುತ್ತದೆ. ಮನುಷ್ಯರ ನಡುವೆಯೇ ತಪ್ಪುತ್ತದೆ. ಹನ್ನೆರಡು ಭಾಷೆಗಳನ್ನು ನೋಡಿದ 2015ರ ಒಂದು ಅಧ್ಯಯನದ ಪ್ರಕಾರ ಸರಾಸರಿ 1.4 ನಿಮಿಷಕ್ಕೆ ಒಂದು ಸಲ ಯಾರಾದರೂ ‘ಏನಂದೆ?’ ಅನ್ನುವ ಅರ್ಥದ್ದು ಏನಾದರೂ ಕೇಳುತ್ತಾರೆ. ಅದಕ್ಕೂ ಮುಂಚೆ 2013ರಲ್ಲಿ ಮಾರ್ಕ್ ಡಿಂಗೆಮಾನ್ಸೆ ಮತ್ತು ಜತೆಗಾರರು, ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಈ ‘ಆಂ?’ ಹೆಚ್ಚುಕಡಿಮೆ ಒಂದೇ ತರಹ ಕೇಳಿಸುತ್ತದೆ ಅಂತ ತೋರಿಸಿದರು. ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ 2015ರಲ್ಲಿ ಅವರಿಗೇ ಸಿಕ್ಕಿತು.

ಕೇಳುವುದರಲ್ಲೂ ಮೆಟ್ಟಿಲಿದೆ. "ಆಂ?" ಅಂದರೆ ಎದುರಿಗಿರುವವರು ಪೂರ್ತಿ ಮತ್ತೆ ಹೇಳಬೇಕು. "ಎಷ್ಟು ಗಂಟೆಗೆ?" ಅಂದರೆ ಅಷ್ಟನ್ನು ಮಾತ್ರ. "ಹನ್ನೊಂದೂವರೆಗಾ?" ಅಂದರೆ ಅವರ ಕೆಲಸ ಬರೀ "ಹೂಂ" ಅನ್ನುವುದು. ಇಲ್ಲಿ ಆ ಹೂಂ ನಿಜಕ್ಕೂ ಒಪ್ಪಿಗೆಯೇ, ನೋಡಿ, ಯಾಕೆಂದರೆ ಅದು ಪ್ರಶ್ನೆಯ ಬೆನ್ನಿಗೆ ಬಂದದ್ದು. ಮಾವ ಸಾಧ್ಯವಾದಷ್ಟೂ ಮೂರನೆಯದನ್ನೇ ಬಳಸುತ್ತಾರೆ: "ನೀಲಿ ಗೇಟು?" ನಿಮ್ಮ ಬಾಟ್ "ಕ್ಷಮಿಸಿ, ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಅಂತ ಎಲ್ಲದಕ್ಕೂ ಅನ್ನುತ್ತಿದ್ದರೆ ಅದು ಮೊದಲ ಮೆಟ್ಟಿಲಲ್ಲೇ ನಿಂತಿದೆ. ಎಷ್ಟು ಅರ್ಥವಾಗಿದೆಯೋ ಅಷ್ಟನ್ನು ತೋರಿಸಿ ಉಳಿದದ್ದು ಕೇಳಬೇಕು. ಎರಡು ಸಲ ಕೇಳಿಯೂ ಆಗದಿದ್ದರೆ ಮೂರನೇ ಸಲ ಕೇಳಬೇಡಿ, ಮನುಷ್ಯರಿಗೆ ಕೊಡಿ.

ಜನ ಬಾಟ್ ಹತ್ತಿರ ಮನಸ್ಸು ಬಿಚ್ಚುತ್ತಾರೆ

1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಅನ್ನುವ ಪ್ರೋಗ್ರಾಂ ಬಗ್ಗೆ ಬರೆದರು. ಒಳಗೆ ಏನೂ ಇಲ್ಲ. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು. ಆದರೂ ಅವರ ಸೆಕ್ರೆಟರಿ ಅದರ ಜತೆ ಟೈಪ್ ಮಾಡುತ್ತಾ ಮಾಡುತ್ತಾ, ಸ್ವಲ್ಪ ಹೊರಗೆ ಹೋಗಿ ಅಂತ ವೈಜೆನ್‌ಬಾಮರಿಗೇ ಹೇಳಿದರಂತೆ. ಒಂದು ಭಾನುವಾರ ಕನ್ನಡದಲ್ಲಿ ಎಲೈಜಾ ಬರೆದು ನೋಡಿ, ಒಳ್ಳೇ ವ್ಯಾಯಾಮ. "ನನಗೆ ಬೇಜಾರಾಗಿದೆ" ಸುಲಭ, ‘ನನಗೆ’ ಹೋಗಿ ‘ನಿಮಗೆ’ ಬಂದರೆ ಸಾಕು. "ನಾನು ಸೋತೆ" ಅಂದರೆ ಕ್ರಿಯಾಪದವೂ ತಿರುಗಬೇಕು: "ಯಾಕೆ ಸೋತಿರಿ?" ಇಂಗ್ಲಿಷಿನಲ್ಲಿ ಪದ ಬದಲಾಯಿಸಿ ನಡೆಯುವ ಆಟ ನಮ್ಮಲ್ಲಿ ವ್ಯಾಕರಣ ಕೇಳುತ್ತದೆ.

ನೀರಿನ ಬಾಟ್‌ಗೆ ಇದೆಲ್ಲ ಯಾಕೆ ಅಂತೀರಾ? ಒಬ್ಬ ಅಜ್ಜಿ ಫೋನ್ ಮಾಡಿ, ಮಗ ಫೋನ್ ಮಾಡಿಲ್ಲ, ಮನೆಯಲ್ಲಿ ಒಬ್ಬಳೇ, ನೀರೂ ಇಲ್ಲ ಅಂತ ಶುರು ಮಾಡಿದರು. ಬಾಟ್ "ಎಷ್ಟು ಲೀಟರ್?" ಅಂದಿತು. ಕೇಳಿಸಿಕೊಂಡು ನನಗೇ ನಾಚಿಕೆಯಾಯಿತು. ಆಮೇಲೆ ಮೂರು ನಿಯಮ ಹಾಕಿದೆ. ಮೊದಲ ವಾಕ್ಯದಲ್ಲೇ ಇದು ಯಂತ್ರ ಅಂತ ಹೇಳಬೇಕು. ಚೀಟಿಗೆ ಸೇರದ ಮಾತು ಸತತ ಎರಡು ಸಲ ಬಂದರೆ ಮಾವನ ಫೋನಿಗೆ ಕೊಡಬೇಕು. ಬದುಕೇ ಸಾಕು ಅನ್ನುವಂಥ ಮಾತು ಬಂದರೆ ಬಾಟ್ ಸಮಾಧಾನ ಹೇಳಲು ಹೋಗಬಾರದು. ತಕ್ಷಣ ಮನುಷ್ಯರಿಗೆ ಕೊಡಬೇಕು, ಜತೆಗೆ 14416 ಹೇಳಬೇಕು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡುತ್ತಾರೆ.

ಪರೀಕ್ಷೆ

ಬಾಟ್ ಹೇಳಿದ ವಾಕ್ಯವನ್ನು ‘ಸರಿಯಾದ ಉತ್ತರ’ದ ಪಕ್ಕ ಇಟ್ಟು ಎಷ್ಟು ಪದ ಹೊಂದಿತು ಅಂತ ಅಂಕ ಕೊಡುವ ಲೆಕ್ಕಗಳಿವೆ. ಅನುವಾದಕ್ಕಾಗಿ ಹುಟ್ಟಿದವು. ಮಾತುಕತೆಗೆ ಬಳಸಬೇಡಿ, "ಸಂಜೆ ಕಳಿಸ್ಲಾ?"ಗೆ ಸರಿಯಾದ ಉತ್ತರ ಹತ್ತು ಇವೆ. ಎಣಿಸಬೇಕಾದ್ದು ಬೇರೆ: ಗಾಡಿ ಸರಿಯಾದ ಮನೆಗೆ ಹೋಯಿತೇ, ಎಷ್ಟು ಸರದಿ ಹಿಡಿಯಿತು, ಎಷ್ಟು ಸಲ ‘ಆಂ?’ ಆಯಿತು, ಎಷ್ಟು ಜನ ಮಧ್ಯದಲ್ಲೇ ಇಟ್ಟರು, ಮುಂದಿನ ಸಲ ಮತ್ತೆ ಅದೇ ನಂಬರಿಗೆ ಮಾಡಿದರೇ. ಮಾವನ ಕಾಲ್ ಮತ್ತು ಬಾಟ್ ಕಾಲ್ ಪಕ್ಕಪಕ್ಕ ಇಟ್ಟು ಎಣಿಸಿ. ವಯಸ್ಸಾದವರು, ಕನ್ನಡ ಈಗಷ್ಟೇ ಕಲಿಯುತ್ತಿರುವವರು, ಹಿಂದೆ ಮಿಕ್ಸಿ ಓಡುತ್ತಿರುವ ಅಡುಗೆಮನೆ, ಇವಿಷ್ಟರಲ್ಲೂ ಪರೀಕ್ಷೆ ಮಾಡಿ. ನಮ್ಮದು ಮಿಕ್ಸಿಯಲ್ಲಿ ಫೇಲಾಯಿತು, ಇನ್ನೂ ಪಾಸಾಗಿಲ್ಲ.

ಕೊನೆಗೆ ಉಳಿದದ್ದು ಫೋನ್ ಇಡುವುದು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆರ್ಡರ್ ಆದ ಕೂಡಲೇ ಬಾಟ್ "ಧನ್ಯವಾದಗಳು" ಅಂತ ಟಪ್ಪನೆ ಕಟ್ ಮಾಡುತ್ತಿತ್ತು. ಜನರಿಗೆ ಲೈನ್ ಹೋಯಿತು ಅನ್ನಿಸಿ ಮತ್ತೆ ಫೋನ್ ಮಾಡುತ್ತಿದ್ದರು, ಒಂದೇ ಮನೆಗೆ ಎರಡು ಆರ್ಡರ್. ಬರೆದುಕೊಂಡ ಕಾಲ್‌ಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲದರಲ್ಲೂ ಇಬ್ಬರೂ ಒಂದೊಂದು ಸಲ ‘ಆಯ್ತು’, ‘ಹಂಗೇ ಮಾಡಿ’ ತರಹದ್ದು ಅನ್ನುತ್ತಾರೆ, ಆಮೇಲೆ ಗಿರಾಕಿ "ಇಡ್ಲಾ" ಅನ್ನುತ್ತಾರೆ, ಆಮೇಲೆ ಇಡುತ್ತಾರೆ. ಈಗ ಬಾಟ್ "ಆಯ್ತು, ಹನ್ನೊಂದೂವರೆಗೆ ಗಾಡಿ ಬರುತ್ತೆ" ಅಂತ ಹೇಳಿ, ಆ ಕಡೆಯವರು ಇಡುವವರೆಗೂ ಕಾಯುತ್ತದೆ.